ಹನ್ನೊಂದು ನಿಮಿಷ

ಅವಳ ಬದುಕಿನಲ್ಲಿ ಹನ್ನೊಂದು ನಿಮಿಷ ಕಾಣೆಯಾಗಿದ್ದವು. ರಗ್ಬಿ ಆಡುವ ಕಾಲದಲ್ಲಿ ಅವಳನ್ನು ಎಲ್ಲರೂ ಗೋಡೆ ಎನ್ನುತ್ತಿದ್ದರು. ಒಂದು ಫೈನಲ್‌ನಲ್ಲಿ ಆ ಗೋಡೆಯ ತಲೆಗೆ ಎದುರಾಳಿಯ ಮೊಣಕಾಲು ಬಡಿಯಿತು. ಆಮೇಲೂ ಎದ್ದು, ಮೂವರನ್ನು ತಪ್ಪಿಸಿ ಓಡಿ, ಗೆರೆಯಾಚೆ ಚೆಂಡು ಒತ್ತಿ ಟ್ರೈ ಗಳಿಸಿದಳಂತೆ. ಜನ ಇವತ್ತಿಗೂ ಬಾಯಿ ತುಂಬ ಹೊಗಳುತ್ತಾರೆ. ಆ ಹನ್ನೊಂದು ನಿಮಿಷದಲ್ಲಿ ಅವಳಿಗೆ ನೆನಪಿರುವುದು ಹಾಲಿನಂಥ ಮಂಜು, ದೂರದಲ್ಲಿ ಯಾರೋ ಬಟ್ಟೆ ಒಗೆಯುತ್ತಿರುವಂಥ ಸದ್ದು, ಅಷ್ಟೇ.

ಆ ಮಂಜಿನ ಬೆನ್ನು ಹತ್ತಿಯೇ ಅವಳು ವಿಶ್ವವಿದ್ಯಾಲಯ ಸೇರಿ, ಆಟಗಾರ್ತಿಯರ ತಲೆಪೆಟ್ಟಿನ ಬಗ್ಗೆ ಪ್ರಬಂಧ ಬರೆದಳು. ಈಗ ಹಗಲು ಪಾಠ, ಸಂಜೆ ಮೈದಾನದಲ್ಲಿ ಕೋಚ್. ತನಗೆ ನೆನಪಿಲ್ಲವೆಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಇವತ್ತು ರಾಷ್ಟ್ರೀಯ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಬಂದಿದ್ದರು. ಅವರ ಕಣ್ಣೆಲ್ಲ ಎಲ್ಲರೂ ಗುಬ್ಬಿ ಎನ್ನುವ ಹುಡುಗಿಯ ಮೇಲೆ. ತಂಡದಲ್ಲೇ ಚಿಕ್ಕವಳು, ಚುರುಕಿನವಳು. ಬೆಳಿಗ್ಗೆ ಅವಳ ಬೆರಳು ನಡುಗುತ್ತಿದ್ದುದನ್ನು ಕಂಡು ಗೋಡೆಯೇ ಮಂಡಿಯೂರಿ ಬೂಟಿನ ಲೇಸು ಕಟ್ಟಿದ್ದಳು.

"ಎರಡು ಗಂಟು ಹಾಕಿ ಅಕ್ಕ. ಯಾರ ಕಣ್ಣು ಬಿದ್ರೂ ಬಿಚ್ಚಬಾರದು."

"ನಿನ್ನ ಬಾಯಿಗೂ ಒಂದು ಹಾಕ್ಲಾ?"

ದ್ವಿತೀಯಾರ್ಧದಲ್ಲಿ ಗುಬ್ಬಿ ತಲೆ ಬಡಿಯುವಂತೆ ನೆಲಕ್ಕೆ ಅಪ್ಪಳಿಸಿದಳು. ರೆಫರಿ ಆಟ ನಿಲ್ಲಿಸಿದ. ಗೋಡೆ ಓಡಿ ಹೋಗಿ, ಜೇಬಿನ ಕಾಗದ ಬಿಡಿಸಿ, ತಲೆಪೆಟ್ಟು ಪತ್ತೆಹಚ್ಚಲು ತನ್ನ ಪ್ರಬಂಧದಲ್ಲಿದ್ದ ಐದು ಪ್ರಶ್ನೆಗಳನ್ನು ಶುರುಮಾಡಿದಳು.

"ಇದು ಯಾವ ಮೈದಾನ?"

"ನಮ್ದೇ."

"ಈಗ ಎಷ್ಟು ಅಂಕ?"

ಗುಬ್ಬಿ ಎದುರಿನ ಫಲಕ ನೋಡಿದಳು. "ಹನ್ನೆರಡು, ಹತ್ತು. ಹೋದ ವಾರ ಗೆದ್ವಿ."

ಹೋದ ವಾರದ್ದು ಮೂರನೆಯ ಪ್ರಶ್ನೆ. ಗೋಡೆ ಅದನ್ನಿನ್ನೂ ಕೇಳಿಯೇ ಇರಲಿಲ್ಲ. ಆಟದಿಂದ ಹೊರಬೀಳದಿರಲು ಹುಡುಗಿಯರು ಅವಳ ಪ್ರಬಂಧವನ್ನೇ ಉರು ಹೊಡೆದಿದ್ದರು!

ಅವಳು ಕಾಗದ ಮಡಚಿದಳು. "ನಿನ್ನ ಲೇಸು ಕಟ್ಟಿದ್ದು ಯಾರು?"

ಗುಬ್ಬಿ ಬೂಟನ್ನೇ ನೋಡಿದಳು, ಅದು ಬೇರೆ ಯಾರದೋ ಎಂಬಂತೆ. "ನಾನೇ ಅಲ್ವಾ ಅಕ್ಕ?"

ಗೋಡೆ ಕೈಯೆತ್ತಿ ಬದಲಿ ಆಟಗಾರ್ತಿಯನ್ನು ಕರೆದಳು.

"ಅಕ್ಕ, ಬೇಡ!" ಗುಬ್ಬಿ ಅಳತೊಡಗಿದಳು. "ಇನ್ನು ಹತ್ತೇ ನಿಮಿಷ ಇದೆ. ಅವರು ಮತ್ತೆ ಬರೋದು ಎರಡು ವರ್ಷಕ್ಕೆ! ನೀವು ಆಡ್ಲಿಲ್ವಾ? ಪೆಟ್ಟು ತಿಂದೂ ಟ್ರೈ ಹೊಡೀಲಿಲ್ವಾ?"

"ಹೊಡ್ದೆನಂತೆ," ಎಂದಳು ಗೋಡೆ.

"ಅಂತೆ ಅಂದ್ರೆ?"

"ಎಲ್ಲರೂ ಹೇಳ್ತಾರೆ. ನಂಗೆ ಒಂದು ಚೂರೂ ನೆನಪಿಲ್ಲ ಕಣೇ."

ಗುಬ್ಬಿಯ ಅಳು ಅರ್ಧಕ್ಕೆ ನಿಂತಿತು. ಇಬ್ಬರೂ ಗೆರೆಯಾಚೆಯ ಬೆಂಚಿನಲ್ಲಿ ಕುಳಿತರು. ಆರಿಸುವವರು ಪುಸ್ತಕ ಮುಚ್ಚಿ ಎದ್ದು ಹೋಗುವುದು ಕಾಣಿಸಿತು. ಗುಬ್ಬಿ ಮುಖ ತಿರುಗಿಸಿಕೊಂಡಳು. ಆಂಬುಲೆನ್ಸ್ ಬರುವವರೆಗೆ ಗೋಡೆ ಅವಳ ಕೈ ಬಿಡಲಿಲ್ಲ. ಮೈದಾನದ ಮೇಲೆ ಬಿಸಿಲು ತೆಳುವಾಗಿ ತೇಲುತ್ತಿತ್ತು; ಅದರೊಳಗೆ ಹುಡುಗಿಯರು ನೀರಿನಡಿ ಓಡುವವರಂತೆ ಕಂಡರು.

"ಬೆಳಿಗ್ಗೆ ಏನಾಯ್ತು ಅಕ್ಕ?" ತುಸು ಹೊತ್ತಿನ ಮೇಲೆ ಗುಬ್ಬಿ ಕೇಳಿದಳು, ಮುಖ ಇನ್ನೂ ಆಚೆಗೇ ಇತ್ತು. "ಮೊದಲಿಂದ ಹೇಳಿ."

"ನಿನ್ನ ಬೆರಳು ನಡುಗ್ತಾ ಇತ್ತು," ಎಂದು ಗೋಡೆ ಶುರುಮಾಡಿದಳು.