ಮೂರನೇ ತಿರುವಿನಲ್ಲಿ ಸುತ್ತಿದ ಚಕ್ರ

ವಾಲ್ಪಾರೈ ಬೆಟ್ಟದ ಚಹಾ ತೋಟದಲ್ಲಿ ಎಲೆ ಕೀಳುವ ಹೆಂಗಸರಿಗೆ ಚಿರತೆ ಭಯ ಅಷ್ಟಿಲ್ಲ, ಆನೆ ಭಯವೇ ಭಯ. ಅದಕ್ಕೆಂದೇ ಎಳಿಲರಸಿ ಒಂದು ಪುಟ್ಟ ವೆಬ್‌ಸೈಟ್ ಮಾಡಿದ್ದಳು. ಇರುವುದೇ ಒಂದು ಪುಟ: ಯಾವ ದಾರಿಯಲ್ಲಿ ಆನೆ ಇದೆ, ಯಾವುದು ಖಾಲಿ. ಆನೆ ಕಾಯುವ ಮಾಸಿಲಾಮಣಿ ಮಾಮ ಗುಡ್ಡದ ನೆತ್ತಿಯಿಂದ ನೋಡಿ ಫೋನ್ ಮಾಡುತ್ತಿದ್ದ, ಇವಳು ಕೂಲಿಯವರ ಲೈನ್ ಮನೆಯಲ್ಲಿ ಕೂತು ಬರೆಯುತ್ತಿದ್ದಳು. ಪ್ರತಿ ತಿರುವಿನಲ್ಲೂ ನಿಂತು, ಪುಟ ನೋಡಿಯೇ ಮುಂದಕ್ಕೆ ಹೆಜ್ಜೆ ಇಡಬೇಕು ಎಂದು ಮಾಮನೇ ಕಟ್ಟಳೆ ಹಾಕಿದ್ದ.

ಆದರೆ ಆ ಬೆಟ್ಟದ ಸಿಗ್ನಲ್ಲಿಗೆ ದೇವರೇ ಗತಿ. ಪುಟ ತೆರೆಯದೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಎಲ್ಲರಿಗಿಂತ ಹೆಚ್ಚು ಆಡಿಕೊಂಡವಳು ಹೆತ್ತ ತಾಯಿ ಪೊನ್ನುತ್ತಾಯಿಯೇ.

"ನಿನ್ನ ಪುಟ ತೆರೆಯೋ ಹೊತ್ತಿಗೆ ಆನೆ ನಮ್ಮನೆಗೇ ಬಂದು ಚಾ ಕುಡ್ಕೊಂಡು ಹೋಗಿರುತ್ತೆ ಕಣೇ."

ಮಾತು ಚುಚ್ಚಿತು. ಅವತ್ತು ಬೆಳಿಗ್ಗೆ ಎಳಿಲರಸಿ ಸೈಟಿಗೆ ಒಂದು ಕ್ಯಾಶೆ ಪ್ಲಗಿನ್ ಹಾಕಿಯೇ ಬಿಟ್ಟಳು. ಅದು ಪುಟದ ಒಂದು ನಕಲನ್ನು ತೆಗೆದಿಟ್ಟುಕೊಂಡು, ಕೇಳಿದವರಿಗೆಲ್ಲ ಥಟ್ಟನೆ ಅದನ್ನೇ ಕೊಡುತ್ತದೆ. ಚಕ್ರ ಸುತ್ತುವುದು ನಿಂತಿತು. ಹುಡುಗಿ ಮಧ್ಯಾಹ್ನದ ತನಕ ಬೀಗುತ್ತಾ ಓಡಾಡಿದಳು.

ನಾಲ್ಕು ಗಂಟೆಗೆ ಮಾಮನ ಫೋನ್ ಬಂತು. ಏಳು ಆನೆ, ಜೊತೆಗೊಂದು ಮರಿ, ಹಳ್ಳದ ದಾರಿಗೆ ಇಳಿದಿವೆಯಂತೆ. ಕೂಡಲೇ ಬರೆದಳು. ಪುಟ ತೆರೆದು ನೋಡಿದಳು, ಬರೆದದ್ದು ಸರಿಯಾಗಿ ಕಾಣುತ್ತಿತ್ತು. ನೆಮ್ಮದಿಯಾಗಿ ಚಹಾಕ್ಕೆ ನೀರಿಟ್ಟಳು.

ಅಷ್ಟರಲ್ಲಿ ಪಕ್ಕದ ಮನೆಯ ಸಹಾಯರಾಣಿ ಫೋನ್ ಹಿಡಿದು ಬಾಗಿಲಿಗೆ ಬಂದಳು. "ಹಳ್ಳದ ದಾರಿ ಖಾಲಿ ಅಂತಿದೆಯಲ್ಲ ಎಳಿಲು, ಸೌದೆ ತರೋಕೆ ಹೋಗ್ತೀನಿ."

ಎಳಿಲರಸಿ ಫೋನ್ ಕಿತ್ತುಕೊಂಡು ನೋಡಿದಳು. ಖಾಲಿ ಎಂದೇ ಇತ್ತು, ಬೆಳಿಗ್ಗೆ ತಾನೇ ಬರೆದದ್ದು. ಆ ಹಾಳು ಪ್ಲಗಿನ್ನು ಲಾಗಿನ್ ಆದ ಒಡತಿಗೆ ಮಾತ್ರ ಹೊಸದನ್ನು ತೋರಿಸಿ, ಊರಿಗೆಲ್ಲ ಹಳೆಯದನ್ನೇ ಹಂಚುತ್ತಿತ್ತು, ಕ್ಯಾಂಟೀನಿನವನು ಬೆಳಗಿನ ವಡೆಯನ್ನು ಸಂಜೆಗೂ ಹಾಕುವ ಹಾಗೆ. ಅಮ್ಮನ ಗುಂಪು ಎಲೆ ತೂಕಕ್ಕೆ ಹಾಕಿ ಹೊರಡುವ ಹೊತ್ತು. ಬರುವುದೂ ಅದೇ ಹಳ್ಳದ ದಾರಿಯಲ್ಲಿ.

ಅಮ್ಮನಿಗೆ ಫೋನ್ ಮಾಡಿದಳು, ತಾಗಲಿಲ್ಲ. ಆ ದಾರಿಯಲ್ಲಿ ತಿರುವುಗಳಲ್ಲಷ್ಟೇ ಸಿಗ್ನಲ್, ನಡುವೆ ಇಲ್ಲ. ಅಂದರೆ ಹೊರಟಾಗಿದೆ. ಪ್ಲಗಿನ್ ಕಿತ್ತುಹಾಕೋಣವೆಂದರೆ ಅಷ್ಟರಲ್ಲಿ ಮನೆಯಲ್ಲೂ ಸಿಗ್ನಲ್ ಸತ್ತುಬಿದ್ದಿತ್ತು. ಬಿದ್ದೆನೋ ಕೆಟ್ಟೆನೋ ಎಂದು ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಓಡಿದಳು. ದಾರಿಯುದ್ದಕ್ಕೂ ಮುನಿಯಪ್ಪ ದೇವರಿಗೆ ಹರಕೆ ಹೊತ್ತಳು.

ಮೇಲೆ ನಿಂತ ಮಾಸಿಲಾಮಣಿ ಮಾಮ ಸುಮ್ಮನೆ ಕೈ ತೋರಿಸಿದ. ಕೆಳಗೆ, ಹಳ್ಳದ ದಾರಿಯ ಮೂರನೇ ತಿರುವಿನ ಈಚೆಗೆ ಆನೆಗಳು. ಆಚೆಗೆ, ಬೆನ್ನಿಗೆ ಬುಟ್ಟಿ ಕಟ್ಟಿದ ಆರು ಹೆಂಗಸರು, ಮುಂದೆ ಅಮ್ಮ. ನಡುವೆ ಇದ್ದದ್ದು ಒಂದು ಬಂಡೆ ಅಷ್ಟೇ. ಎಳಿಲರಸಿ ಕೂಗಲು ಬಾಯಿ ತೆರೆದಳು. ಮಾಮ ಅವಳ ಬಾಯಿ ಮುಚ್ಚಿದ.

"ಕೂಗಿದ್ರೆ ಮರಿ ಕಟ್ಕೊಂಡು ಆ ಕಡೆಗೇ ನುಗ್ತವೆ. ಫೋನೂ ಮಾಡ್ಬೇಡ. ನಿಮ್ಮಮ್ಮನ ಫೋನು ಬಡ್ಕೊಳ್ಳೋದು ಎರಡು ಗುಡ್ಡಕ್ಕೆ ಕೇಳುತ್ತೆ."

ಅಮ್ಮ ಬಂಡೆಯ ಹತ್ತಿರ ನಿಂತು ಸೊಂಟದಿಂದ ಫೋನ್ ತೆಗೆದಳು. ಈಗ ಪುಟ ನೋಡುತ್ತಾಳೆ, ಖಾಲಿ ಎಂದು ಓದುತ್ತಾಳೆ, ನಡೆದುಬಿಡುತ್ತಾಳೆ. ಎಳಿಲರಸಿ ಅವಸರದಲ್ಲಿ ಎರಡು ಸಲ ತಪ್ಪು ಕಡೆ ಒತ್ತಿದಳು. ಮೂರನೇ ಸಲಕ್ಕೆ ಪ್ಲಗಿನ್ ಅಳಿಸಿಹೋಯಿತು. ಊರಿನವರಿಗೆ ಹಳೆಯ ಪುಟ ಹೋಯಿತೋ ಇಲ್ಲವೋ ಎಂದು ಲಾಗಿನ್ ಆದ ಅವಳ ಫೋನಿನಲ್ಲಿ ತಿಳಿಯುವಂತಿರಲಿಲ್ಲ. ಮಾಮನ ಫೋನಿನಲ್ಲಿ ಪುಟ ತೆರೆದಳು. ಚಕ್ರ ಸುತ್ತತೊಡಗಿತು.

ಕೆಳಗೆ ಅಮ್ಮನೂ ಫೋನ್ ನೋಡುತ್ತಾ ನಿಂತೇ ಇದ್ದಳು. ಒಮ್ಮೆ ಅದನ್ನು ಅಂಗೈಗೆ ಕುಟ್ಟಿದಳು. ಒಂದು ಕಾಲು ಮುಂದಿಟ್ಟಳು, ಮತ್ತೆ ನಿಂತಳು. ಕೊನೆಗೆ ಅಮ್ಮ ಥಟ್ಟನೆ ಎರಡೂ ಕೈ ಚಾಚಿ ಹಿಂದಿನವರನ್ನು ತಡೆದಳು. ಆರೂ ಜನ ಚಹಾ ಗಿಡಗಳ ನಡುವೆ ಕೂತುಬಿಟ್ಟರು.

ಆನೆಗಳು ಕಾಡಿಗೆ ಹತ್ತಿಹೋಗಲು ಮುಕ್ಕಾಲು ಗಂಟೆ ಹಿಡಿಯಿತು.

ಮೇಲೆ ಹತ್ತಿ ಬಂದ ಪೊನ್ನುತ್ತಾಯಿ ಮೊದಲು ಆಡಿದ್ದು ದೂರೇ. ಮೊದಲೆರಡು ತಿರುವಿನಲ್ಲಿ ಪುಟ ಚಕಚಕ ತೆರೆಯಿತಂತೆ, ಮೂರನೆಯದರಲ್ಲಿ ಮತ್ತೆ ಆ ದರಿದ್ರ ಚಕ್ರವಂತೆ, ಮಗಳನ್ನು ಬೈದುಕೊಂಡೇ ನಿಂತಿದ್ದಳಂತೆ, ಕೊನೆಗೂ ತೆರೆದಾಗ ಹಳ್ಳದ ದಾರಿಯಲ್ಲಿ ಆನೆ ಎಂದಿತ್ತಂತೆ.

"ಅಮ್ಮಾ, ಚಕಚಕ ತೆರೀತಲ್ಲ, ಆ ಎರಡು ಸಲ ನೀನು ಓದಿದ್ದು ಸುಳ್ಳು," ಎಂದಳು ಎಳಿಲರಸಿ. ಅಳುತ್ತಲೇ ಎಲ್ಲ ಹೇಳಿದಳು.

ಪೊನ್ನುತ್ತಾಯಿ ಬುಟ್ಟಿ ಕಳಚದೆಯೇ ಅಲ್ಲೇ ಕೂತಳು. ಕೆಳಗಿನ ಬಂಡೆಯತ್ತ ನೋಡಿದಳು.

"ಸುತ್ಲಿ ಬಿಡೇ," ಎಂದಳು. "ನಾನು ನಿಂತ್ಕೋತೀನಿ."