ಮುಖಪುಟದ ಸೋಬಾನೆ

"ಈ ದೀಪಾನೂ ತೆಗೀತೀನಿ ಅತ್ತಿಗೆ," ಎಂದಳು ದಿವ್ಯ.

ಕಂಪ್ಯೂಟರಿನ ಪರದೆಯಲ್ಲಿ, ಪುಟದ ಎರಡೂ ಅಂಚಿಗೆ ಎಷ್ಟೋ ವರ್ಷದಿಂದ ಮಿಣಮಿಣ ಎನ್ನುತ್ತಿದ್ದ ದೀಪಗಳು ಅವು. ಉಮ ಅವನ್ನು ಇನ್ನೊಮ್ಮೆ ನೋಡಿಕೊಂಡಳು. ಕೆ.ಆರ್. ಪೇಟೆಯ ತನ್ನ ಹೊಲಿಗೆ ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ತಾನೇ ಕಲಿತು ಕಟ್ಟಿಕೊಂಡಿದ್ದ ವೆಬ್‌ಸೈಟು. ಅದರಲ್ಲಿ ಅವಳ ರಂಗೋಲಿ ಇತ್ತು, ರವಿಕೆಯ ಮಾದರಿಗಳಿದ್ದವು, ಉಪ್ಸಾರು ಮಾಡುವ ಬಗೆ ಇತ್ತು, ಸತ್ತುಹೋದ ಬೆಕ್ಕಿನ ಮೇಲೆ ಬರೆದ ಪದ್ಯವೂ ಇತ್ತು. ನಾದಿನಿ ದಿವ್ಯ ಮೈಸೂರಿನಲ್ಲಿ ವೆಬ್‌ಸೈಟು ಕಟ್ಟುವ ಕೆಲಸ ಮಾಡುವವಳು. ನೋಡಿದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆದರೂ ರಜೆ ಹಾಕಿ ಬಂದು ಹೊಸದಾಗಿ ಮಾಡಿಕೊಡಲು ಕೂತಿದ್ದಳಲ್ಲ, ಅದಕ್ಕೆ ಉಮ ಬೇಸರ ನುಂಗಿಕೊಂಡಳು.

"ಮುಖಪುಟದಲ್ಲಿ ಒಂದೇ ಒಂದು ಇರ್ಬೇಕು. ನೋಡ್ದೋರು ಅಲ್ಲೇ ನಿಂತ್ಬುಡ್ಬೇಕು. ಏನಿಡಾನ ಯೋಳಿ."

ಉಮ ಯೋಚನೆಯನ್ನೇ ಮಾಡಲಿಲ್ಲ. "ಚಿಕ್ಕವ್ವನ ಪದ."

ಚಿಕ್ಕವ್ವ ಎಂದರೆ ಅಕ್ಕಿಹೆಬ್ಬಾಳಿನ ಮುತ್ತಮ್ಮ, ಉಮಳ ತಾಯಿಯ ತಂಗಿ. ಒಂದು ಕಾಲದಲ್ಲಿ ಸುತ್ತಿನ ಊರುಗಳಲ್ಲಿ ಮದುವೆ ಎಂದರೆ ಮುತ್ತಮ್ಮನೇ ಸೊಲ್ಲೆತ್ತಬೇಕಿತ್ತು, ಉಳಿದ ಹೆಂಗಸರು ಹಿಂದಿನಿಂದ 'ಸೋ' ಎನ್ನಬೇಕಿತ್ತು. ಅವಳು ಬರುವುದು ತಡವಾದರೆ ಹೆಣ್ಣಿಗೆ ಅರಿಸಿನ ಹಚ್ಚದೆ ಕಾಯುತ್ತಿದ್ದರು. ಅದೆಲ್ಲ ಗಂಡ ಲಿಂಗಣ್ಣ ಇದ್ದಾಗಿನ ಮಾತು. ಈಗಲೂ ಮದುವೆಗೆ ಕರೆಯುತ್ತಾರೆ, ಬಾಯಿತುಂಬ ಮಾತಾಡಿಸುತ್ತಾರೆ. ಹಸೆಯ ಹತ್ತಿರ ಮಾತ್ರ ಬಿಟ್ಟುಕೊಳ್ಳುವುದಿಲ್ಲ. ಗಂಡ ಸತ್ತವಳು ಸೋಬಾನೆ ಹೇಳಬಾರದಂತೆ. ಯಾವ ಪುಣ್ಯಾತ್ಮ ಮಾಡಿದ ಶಾಸ್ತ್ರವೋ! ಗಂಟಲಿಗೂ ತಾಳಿಗೂ ಎತ್ತಣ ನಂಟೋ!

ಲಿಂಗಣ್ಣ ಇದ್ದಾಗಲೇ ಒಂದು ದಿನ ಉಮ ಅವಳನ್ನು ಜಗುಲಿಯಲ್ಲಿ ಕೂರಿಸಿ ಹಾಡಿಸಿ ಹಿಡಿದಿಟ್ಟಿದ್ದ ಅರಿಸಿನದ ಪದ ಫೋನಿನಲ್ಲೇ ಇತ್ತು. ಆದರೂ ಕೇಳದೆ ಹಾಕುವುದು ಸರಿಯಲ್ಲವೆಂದು ಭಾನುವಾರ ಅಕ್ಕಿಹೆಬ್ಬಾಳಿಗೆ ಹೋದಳು. ಮುತ್ತಮ್ಮ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಮುಖಪುಟವೆಂದರೆ ಮನೆಯ ಬಾಗಿಲಿದ್ದಂತೆ ಎಂದು ಉಮ ಬಿಡಿಸಿ ಹೇಳಿದಳು.

"ಬ್ಯಾಡ ಕಣ್ಮಗ. ಒಸ ಮನೆ ಬಾಗ್ಲಲ್ಲಿ ಮುಂಡೆ ದನಿ ಯಾಕ್ ಮಡಗೀಯ?"

"ಅಂಗನ್ಬ್ಯಾಡ ಚಿಕ್ಕವ್ವ."

"ಊರೋರು ಅಂದಿದ್ದ ನಾನೂ ಅಂದೆ, ಅಷ್ಟೇಯ."

ಉಮ ಮಾತು ಬೆಳೆಸದೆ ಫೋನು ಒತ್ತಿದಳು. ಮುತ್ತಮ್ಮ ತನ್ನ ದನಿಯನ್ನೇ ತಲೆ ತಗ್ಗಿಸಿ ಕೇಳಿದಳು. ಪದ ಮುಗಿಯಿತು. ಅದರ ಬಾಲಕ್ಕೆ ದೂರದಿಂದ ಲಿಂಗಣ್ಣನ ಗದರಿಕೆ: "ಆಯ್ತೇನಮ್ಮಿ? ಮುದ್ದೆ ಆರೋಯ್ತದೆ, ಬಾ!" ಅದನ್ನು ಕತ್ತರಿಸಲೇಬೇಕು ಎಂದು ದಿವ್ಯ ಹಟ ಹಿಡಿದಿದ್ದಳು.

ಮುತ್ತಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಆಮೇಲೆ, "ಆಕವ್ವ," ಎಂದಳು. "ಅವರ ಮಾತ ಮಾತ್ರ ತೆಗೀಬ್ಯಾಡ."

ಯುಗಾದಿ ಕಳೆದ ಮೇಲೆ ಸೈಟು ಹೊಸದಾಗಿ ತೆರೆಯಿತು. ಬೆಳ್ಳಗಿನ ಪುಟ, ನಡುವೆ ಒಂದೇ ಅರಿಸಿನ ಬಣ್ಣದ ಬೊಟ್ಟು, ಒತ್ತಿದರೆ ಮುತ್ತಮ್ಮ. ನೋಡನೋಡುತ್ತ ಅದು ಫೋನಿನಿಂದ ಫೋನಿಗೆ ಹೋಯಿತು. ಪಾಂಡವಪುರ, ನಾಗಮಂಗಲ ಕಡೆಯ ಗುರುತಿಲ್ಲದ ಹೆಂಗಸರೆಲ್ಲ 'ಯಾರವ್ವ ಈ ತಾಯಿ?' ಎಂದು ಬರೆದರು. ಉಮಳಿಗೆ ಹಿಗ್ಗೋ ಹಿಗ್ಗು. ಇನ್ನಾದರೂ ಚಿಕ್ಕವ್ವನನ್ನು ಕೈಹಿಡಿದು ಹಸೆಯ ಹತ್ತಿರ ಕರೆಯುತ್ತಾರೆ ಎಂದುಕೊಂಡಳು.

ಅಷ್ಟರಲ್ಲಿ ಮುತ್ತಮ್ಮನ ನೆರೆಮನೆಯ ಸೋಮಮ್ಮನ ಮೊಮ್ಮಗಳು ಅಂಜುವಿನ ಮದುವೆ ಬಂತು. ರವಿಕೆ ಹೊಲಿದವಳು ಉಮ. ಅರಿಸಿನದ ದಿನ ಬೆಳಿಗ್ಗೆ ಅದನ್ನು ಹಿಡಿದುಕೊಂಡು ನಡುಮನೆಗೆ ಕಾಲಿಟ್ಟರೆ, ಅಂಜು ಹಸೆಯ ಮೇಲೆ ಕೂತಿದ್ದಾಳೆ, ಸುತ್ತ ಹೆಂಗಸರು, ಮೂಲೆಯಲ್ಲೊಂದು ಸ್ಪೀಕರು. ಅದರಿಂದ ಮುತ್ತಮ್ಮನ ಪದ ಮೊಳಗುತ್ತಿದೆ.

"ಬಾರವ್ವ!" ಎಂದಳು ಸೋಮಮ್ಮ, ಅರಿಸಿನದ ಕೈಯಲ್ಲೇ. "ಬಲೇ ಒಳ್ಳೇದ್ ಮಾಡ್ದೆ ಕಣವ್ವ. ಇದು ಲಿಂಗಣ್ಣ ಇದ್ದಾಗ ಯೋಳಿದ್ದಲ್ವ, ದೋಸ ಇಲ್ಲ. ಇನ್ ಯಾರ್ನೂ ಕಾಯಂಗಿಲ್ಲ."

"ಚಿಕ್ಕವ್ವ ಎಲ್ಲಿ?"

"ಇತ್ಲಲ್ಲಿ ಬೆಳ್ಳುಳ್ಳಿ ಬುಡುಸ್ತಾವ್ಳೆ."

ಉಮಳಿಗೆ ಮೈಯೆಲ್ಲ ಉರಿದುಹೋಯಿತು. ಸೋಮಮ್ಮನ ಮೇಲಲ್ಲ, ತನ್ನ ಮೇಲೆಯೇ. ಮುತ್ತಮ್ಮನನ್ನು ಹೊರಗಿಟ್ಟು ಮದುವೆ ಮಾಡಲು ಇವರಿಗೆ ಒಂದು ಉಪಾಯ ಬೇಕಿತ್ತು. ಅದನ್ನು ಚೆಂದ ಮಾಡಿ ಕೈಗಿಟ್ಟವಳು ತಾನೇ.

ಹಿತ್ತಿಲಿಗೆ ಹೋದಳು. ಒಲೆಯ ಪಕ್ಕ ಕೂತಿದ್ದ ಮುತ್ತಮ್ಮನ ತುಟಿ, ಒಳಗಿನ ಪದದ ಜೊತೆಜೊತೆಗೆ ಅಲ್ಲಾಡುತ್ತಿತ್ತು. ದನಿ ಇರಲಿಲ್ಲ. ಉಮಳನ್ನು ಕಂಡು ತುಟಿ ನಿಲ್ಲಿಸಿ, "ಇಲ್ಗೂ ಚೆನ್ನಾಗಿ ಕೇಳ್ತದೆ ಕಣ್ಮಗ," ಎಂದು ನಗಲು ನೋಡಿದಳು. ಆ ನಗೆಯನ್ನು ಉಮಳಿಗೆ ನೋಡಲಾಗಲಿಲ್ಲ.

ನೇರ ಒಳಗೆ ಬಂದು ಸ್ಪೀಕರು ಆರಿಸಿಬಿಟ್ಟಳು. ಹೆಂಗಸರೆಲ್ಲ ಇತ್ತ ತಿರುಗಿದರು.

"ಯಾಕವ್ವ?" ಎಂದಳು ಸೋಮಮ್ಮ.

"ನನ್ ಸೈಟು, ನಾನ್ ನಿಲ್ಸಿವ್ನಿ. ಪದ ಬೇಕಾದ್ರೆ ಯೋಳೋರು ಇತ್ಲಲ್ಲವ್ರೆ, ಕರೀರಿ."

"ಅಬ್ಬಬ್ಬಾ, ಏನ್ ಧಿಮಾಕು!" ಸೋಮಮ್ಮ ಸಿಡಿದಳು. "ಲೋಕದಲ್ಲಿ ಅವ್ಳೊಬ್ಳೇನಾ? ನಂಗೇನ್ ಬಾಯಿಲ್ವಾ?" ಎಂದು ತಾನೇ ಸೊಲ್ಲೆತ್ತಿದಳು. ಪದದಲ್ಲಿ ಹೆತ್ತವ್ವ ಅರಿಸಿನ ಹಚ್ಚಿದ್ದಾಯಿತು, ಅತ್ತೆ ಹಚ್ಚಿದ್ದಾಯಿತು. ಹೆಂಗಸರು ಅರೆಮನಸ್ಸಿನಲ್ಲಿ 'ಸೋ' ಎಂದರು. ಮೂರನೆಯ ಸೊಲ್ಲಿಗೆ ಬರುವಾಗ ಸೋಮಮ್ಮ ಉಸಿರು ಕಟ್ಟಿ, ಅದನ್ನೇ ಹಾರಿಸಿ ಅಣ್ಣತಮ್ಮಂದಿರಿಗೆ ಬಂದುಬಿಟ್ಟಳು.

"ಸೋದರಮಾವನ್ನ ಬುಟ್ಬುಟ್ಟೆ ಕಣೆ!"

ಹಿತ್ತಿಲ ಕಡೆಯಿಂದ ಬಂದ ಕೂಗು. ಪದ ಕೆಡುವುದನ್ನು ಕೇಳಿಕೊಂಡು ಕೂರುವ ಹೆಂಗಸಲ್ಲ ಮುತ್ತಮ್ಮ. ಬೈಯುವುದರ ಜೊತೆಗೇ ಬಿಟ್ಟುಹೋದ ಸೊಲ್ಲು ಎದ್ದಿತು:

"ಕಬ್ಬಿನ ಗಾಡಿ ಬುಟ್ಟು ಓಡಿ ಬಂದ ಮಾವಯ್ಯ, ಬಟ್ಟಲು ಕೊಡಿರವ್ವ ಕೈಗೆ..."

ವರ್ಷಗಟ್ಟಲೆ ಆ ದನಿಯ ಹಿಂದೆ ನಡೆದ ಬಾಯಿಗಳು. ಬೇಕೋ ಬೇಡವೋ ಯೋಚಿಸುವ ಮೊದಲೇ ನಡುಮನೆಯ ಹೆಂಗಸರೆಲ್ಲ ಒಟ್ಟಿಗೆ 'ಸೋ' ಎಂದುಬಿಟ್ಟರು. ತಡೆಯಲೆಂದು ಬಾಯಿ ತೆರೆದ ಸೋಮಮ್ಮನ ಬಾಯಿಂದಲೂ ಅದೇ ಬಂತು. ಮುತ್ತಮ್ಮ ಹಿತ್ತಿಲ ಬಾಗಿಲ ತನಕ ಬಂದು, ಹೊಸ್ತಿಲ ಆಚೆಯೇ ನಿಂತು, ಕಣ್ಣು ಮುಚ್ಚಿ ಮುಂದಿನ ಸೊಲ್ಲಿಗೆ ಏರಿದಳು. ಯಾರೂ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಹಸೆಯ ಮೇಲೆ ಕೂತ ಹೆಣ್ಣು ಬಾಯಿ ಬಿಡಬಾರದು, ಅತ್ತಿತ್ತ ನೋಡಬಾರದು. ಅಂಜು ಮುಖದ ಮೇಲಿದ್ದ ಅಜ್ಜಿಯ ಕೈಯನ್ನು ಮೆಲ್ಲಗೆ ಸರಿಸಿದಳು. ಒಂದೇ ಕೆನ್ನೆಗೆ ಅರಿಸಿನ ಹತ್ತಿದ್ದ ಮುಖವನ್ನು ಹಿತ್ತಿಲ ಬಾಗಿಲಿಗೆ ತಿರುಗಿಸಿ, ಮಿಕ್ಕವರ ಜೊತೆ ತಾನೂ 'ಸೋ' ಎಂದಳು.