ಡೆರಿಮೋರ್ ಬಂಗಲೆಯ ಕೆಂಡ

ಮಧ್ಯಾಹ್ನ ಇಗರ್ಜಿಯ ಗಂಟೆ ಹೊಡೆದು ಪ್ರಾರ್ಥನೆ ಮುಗಿದ ಕೂಡಲೇ ಡೆರಿಮೋರ್ ಬಂಗಲೆ ಕೆಡವುವ ಸಿಡಿಮದ್ದಿಗೆ ಬತ್ತಿ ಹಚ್ಚಬೇಕಾದವನು ಫೆಸ್ಟಸ್ ಗಾರ್ವಿ. ಅವನ ಹೆಂಡತಿ ಸಬೀನಾ ಒಳಗಿದ್ದಳು. ಅದು ಅವನೊಬ್ಬನಿಗೇ ಗೊತ್ತು.

ದೊರೆಗಳು ಇಂಗ್ಲೆಂಡಿಗೆ ಹೋಗಿ ವರ್ಷವಾಗಿತ್ತು. ಚಾವಣಿಯ ಸೀಸದ ತಗಡು, ಮೆಟ್ಟಿಲಿನ ಮರ ಹರಾಜಾಗಿ, ಇನ್ನೂರು ವರ್ಷದ ಮನೆ ಬರಿಯ ಗೋಡೆಯಾಗಿ ನಿಂತಿತ್ತು. ಅಡುಗೆಮನೆಯ ಒಲೆ ಮಾತ್ರ ಆರಿರಲಿಲ್ಲ. ಅಲ್ಲಿ ಅಡುಗೆಗಿದ್ದ ಸಬೀನಾಳ ಅಜ್ಜಿ, ತಾಯಿ, ಆಮೇಲೆ ಅವಳು ದಿನವೂ ಬೂದಿ ಮುಚ್ಚಿ ಕಾಪಾಡಿದ ಬೆಂಕಿ. ಮನೆ ದೊರೆಗಳದ್ದಾದರೂ ಬೆಂಕಿ ತಮ್ಮದೆಂದೇ ಅವಳ ಹಟ. ಅದರ ಕೆಂಡವನ್ನು ತಮ್ಮ ಮನೆಗೆ ನಿನ್ನೆಯೇ ತರಬಹುದಿತ್ತು. ಆದರೆ ನಿನ್ನೆ ಮೇ ಒಂದು; ಆ ದಿನ ಬೆಂಕಿ ಹೊಸ್ತಿಲು ದಾಟಿದರೆ ಕೇಡೆಂದು ಊರಿನ ನಂಬಿಕೆ.

"ಕೆಡವೋ ಮನೆಗೆ ಇನ್ನೆಂಥಾ ಕೇಡೇ, ಮಾರಾಯ್ತಿ?" ಎಂದು ಫೆಸ್ಟಸ್ ಕೇಳಿದ್ದ.

"ಬೆಂಕಿ ಬರೋದು ನಮ್ಮನೆಗೆ. ಕೇಡನ್ನೂ ಹೊತ್ಕೊಂಡು ಬರ್ಲಾ?"

ಯಾರಾದರೂ ಒಳಗೆ ಹೋದರೆ ಅವರನ್ನು ಒಳಬಿಟ್ಟವನ ಕೆಲಸ ಹೋಯಿತೆಂದು ಮೇಸ್ತ್ರಿ ಕ್ರಾಸ್ಬಿ ಬೆಳಿಗ್ಗೆಯೇ ಗುಡುಗಿದ್ದ. ಊರಲ್ಲಿ ಬೇರೆ ಕೆಲಸವೆಲ್ಲಿದೆ?

ಗಂಟೆ ಹೊಡೆಯಿತು. ಗಂಡಸರು ಟೋಪಿ ತೆಗೆದು ತಲೆಬಾಗಿಸಿದರು. ಸಬೀನಾ ಬರಬೇಕಿದ್ದ ಹಿಂಬಾಗಿಲು ಖಾಲಿ. ದಿನವೂ ಅರ್ಧ ನುಂಗಿ ಪ್ರಾರ್ಥನೆ ಮುಗಿಸುತ್ತಿದ್ದ ಫೆಸ್ಟಸ್ ಇಂದು ಒಂದೊಂದೇ ಮಾತು ಎಳೆದೆಳೆದು ಹೇಳಿದ. ಅದು ಮುಗಿದಾಗ ಪೋಪರ ಆರೋಗ್ಯಕ್ಕೆ, ಸತ್ತ ತಾಯಿಗೆ, ಕಡಲಿಗೆ ಹೋದವರಿಗೆ ಬೇಡಿಕೊಂಡ. ಕ್ರಾಸ್ಬಿ ಬೆಲ್‌ಫಾಸ್ಟಿನವನು, ಬೇರೆ ಇಗರ್ಜಿಯವನು. ಇವರ ಪ್ರಾರ್ಥನೆಗೆ ಅಡ್ಡ ಬಂದರೆ ಆಳುಗಳು ಕೆಲಸ ಬಿಟ್ಟು ಹೋಗುತ್ತಾರೆ. ಗಡಿಯಾರ ನೋಡಿಕೊಂಡು ಹಲ್ಲು ಕಚ್ಚಿದ.

"ಇವತ್ತೇನು ಪಾದ್ರಿ ಆಗ್ಬಿಟ್ಯೇನೋ?" ಪಕ್ಕದ ಕೋಲ್ಮನ್ ಪಿಸುಗುಟ್ಟಿದ.

"ಸುಮ್ನೆ ಆಮೆನ್ ಅನ್ನು. ನಿನ್ನ ಕುಂಟು ಹಸುಗೂ ಬೇಡ್ಕೋತೀನಿ."

ಹಸುವೂ ಮುಗಿಯಿತು. ಇನ್ನು ಬೇಡಲು ಏನೂ ಉಳಿದಿರಲಿಲ್ಲ.

"ಮುಗೀತಾ? ಹಚ್ಚು," ಎಂದ ಕ್ರಾಸ್ಬಿ.

ಫೆಸ್ಟಸ್ ಬೆಂಕಿಪೊಟ್ಟಣ ಕೆಳಗಿಟ್ಟ. "ಆಗಲ್ಲ, ಸ್ವಾಮಿ. ಒಳಗೆ ನನ್ನ ಹೆಂಡತಿ ಇದ್ದಾಳೆ."

ಆ ಮಾತು ಬಾಯಿಂದ ಬೀಳುವುದಕ್ಕೂ, ಮುಖವೆಲ್ಲ ಮಸಿಯಾದ ಸಬೀನಾ ಬಕೆಟ್ಟು ಹಿಡಿದು ಹಿಂಬಾಗಿಲಲ್ಲಿ ಕಾಣುವುದಕ್ಕೂ ಸರಿಹೋಯಿತು. ಬೇಡಿಕೊಳ್ಳಲು ಇನ್ನೊಂದು ಹಸು ಸಿಕ್ಕಿದ್ದರೆ ಸಾಕಿತ್ತು.

ಕ್ರಾಸ್ಬಿ ತಾನೇ ಬತ್ತಿ ಹಚ್ಚಿದ. ಬಂಗಲೆ ಮೊಣಕಾಲೂರಿ ಕುಸಿಯಿತು. ಧೂಳು ಇಳಿದ ಮೇಲೆ, "ನಾಳೆಯಿಂದ ಬರ್ಬೇಡ," ಎಂದಷ್ಟೇ ಹೇಳಿದ.

ಇಬ್ಬರೂ ಮನೆಯ ದಾರಿ ಹಿಡಿದರು. ಬಕೆಟ್ಟಿನಲ್ಲಿ ಕಾಣುತ್ತಿದ್ದುದು ಬರಿಯ ಬೂದಿ. ಇಷ್ಟಕ್ಕೆ ಅನ್ನ ಹೋಯಿತಲ್ಲ ಎಂದು ಫೆಸ್ಟಸ್‌ಗೆ ಹೊಟ್ಟೆ ಉರಿಯಿತು.

"ಕೊಡು ಇಲ್ಲಿ, ಭಾರ ಆಗಿದೆ ನಿಂಗೆ," ಎಂದು ಬಕೆಟ್ಟಿನ ತಳಕ್ಕೆ ಕೈ ಕೊಟ್ಟ.

ಅಂಗೈ ಚುರ್ರೆಂದಿತು. ಅವನು ಕೈ ತೆಗೆಯಲಿಲ್ಲ.